ಹವಳವೂ ಮೂಳೆಯೂ

ಗಾಯವಾದ ಬಳಿಕ ಕಲೆಯನ್ನುಳಿಸದೆ ತಮ್ಮ ಮೂಲಸ್ವರೂಪವನ್ನೇ ಮರಳಿ ಪಡೆಯಬಲ್ಲ ಅಂಗಾಂಶಗಳು ಮನುಷ್ಯದೇಹದಲ್ಲಿ ಕೆಲವೇ, ಮೂಳೆ ಅವುಗಳಲ್ಲೊಂದು. ಹರಿದ ಚರ್ಮ ಕೂಡುವುದೇನೋ ನಿಜ, ಆದರೆ ಕೂಡಿದ ಎಡೆಯಲ್ಲಿ ಕಲೆ ನಿಲ್ಲುತ್ತದೆ. ಮುರಿದ ಮೂಳೆ ನೇರವಾಗಿ ಕೂಡಿತೆಂದರೆ, ಕೆಲವು ವರ್ಷಗಳ ತರುವಾಯ ಮುರಿದ ಸ್ಥಳ ಯಾವುದೆಂದು ಎಕ್ಸ್-ರೇ ಚಿತ್ರದಲ್ಲಿ ಹುಡುಕಬೇಕಾಗುತ್ತದೆ. ಆದರೆ ಈ ಶಕ್ತಿಗೂ ಒಂದು ಮೇರೆಯುಂಟು. ಎತ್ತರದಿಂದ ಬಿದ್ದವನ ಅಥವಾ ವಾಹನದ ಅಪಘಾತಕ್ಕೆ ಸಿಕ್ಕವನ ಮೊಣಕಾಲ ಕೆಳಗಣ ದೊಡ್ಡ ಮೂಳೆಯ ಮೇಲ್ತುದಿ ಒಳಕ್ಕೆ ಕುಸಿದಾಗ, ಶಸ್ತ್ರವೈದ್ಯನು ಆ ಕುಸಿದ ಭಾಗವನ್ನು ಮೇಲಕ್ಕೆತ್ತಿ ಸಮನಾಗಿ ಕೂರಿಸಿದ ಮೇಲೆ ಅದರಡಿಯಲ್ಲಿ ಒಂದು ಪೊಳ್ಳು ಉಳಿಯುತ್ತದೆ. ಗಡ್ಡೆಯೊಂದನ್ನು ಕೆರೆದು ತೆಗೆದಾಗಲೂ, ಕೀವುಗಟ್ಟಿ ಸತ್ತ ಮೂಳೆಯ ತುಂಡನ್ನು ಹೊರಹಾಕಿದಾಗಲೂ ಹೀಗೆಯೇ ಆಗುವುದು. ಇಂಥ ಪೊಳ್ಳು ದೊಡ್ಡದಾಗಿದ್ದರೆ ಮೂಳೆ ತನ್ನಷ್ಟಕ್ಕೆ ತಾನು ಅದನ್ನು ತುಂಬಿಕೊಳ್ಳಲಾರದು. ಮೃದುವಾದ ನಾರುಅಂಗಾಂಶ ಮೊದಲು ಬಂದು ಜಾಗ ಹಿಡಿಯುತ್ತದೆ. ಆ ಪೊಳ್ಳಿಗೆ ಏನನ್ನು ಇಡಬೇಕು ಎಂಬುದೇ ಅಸ್ಥಿಶಸ್ತ್ರವೈದ್ಯದ ಹಳೆಯ ಪ್ರಶ್ನೆಗಳಲ್ಲೊಂದು. ಅದಕ್ಕೆ ಕಳೆದ ಅರ್ಧ ಶತಮಾನದಲ್ಲಿ ದೊರೆತ ಉತ್ತರಗಳಲ್ಲಿ ಅತ್ಯಂತ ವಿಚಿತ್ರವಾದುದು ಹವಳ.

ಉತ್ತರಗಳ ಸಾಲಿನಲ್ಲಿ ಮೊದಲನೆಯದು ರೋಗಿಯ ಮೂಳೆಯೇ. ಸೊಂಟದ ಮೂಳೆಯ ಮೇಲಂಚಿನಿಂದ ಬೇಕಾದಷ್ಟನ್ನು ಕೆತ್ತಿ ತೆಗೆದು ಪೊಳ್ಳಿನಲ್ಲಿ ತುಂಬುವ ಕ್ರಮ ಇಂದಿಗೂ ಎಲ್ಲ ಕ್ರಮಗಳಿಗೂ ಅಳತೆಗೋಲಾಗಿ ನಿಂತಿದೆ. ಅದರಲ್ಲಿ ಜೀವಂತ ಕಣಗಳಿವೆ, ಹೊಸ ಮೂಳೆಯನ್ನು ಹುಟ್ಟಿಸುವ ಪ್ರೋಟೀನುಗಳಿವೆ, ಆ ಮೂಳೆಗೆ ಹಬ್ಬಿಕೊಳ್ಳಲು ಬೇಕಾದ ಚೌಕಟ್ಟೂ ಇದೆ. ದೇಹವು ಅದನ್ನು ಪರಕೀಯವೆಂದು ತಿರಸ್ಕರಿಸುವ ಭಯವಿಲ್ಲ. ಆದರೆ ಒಂದು ಗಾಯವನ್ನು ಗುಣಪಡಿಸಲು ಇನ್ನೊಂದು ಗಾಯವನ್ನು ಮಾಡಬೇಕಾಗುತ್ತದೆ. ಕಾಲಿನ ನೋವು ಹೋದ ಮೇಲೂ ಸೊಂಟದ ನೋವು ತಿಂಗಳುಗಟ್ಟಲೆ ಉಳಿದ ರೋಗಿಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ಉಂಟು. ಮಕ್ಕಳಲ್ಲಿಯೂ ವೃದ್ಧರಲ್ಲಿಯೂ ತೆಗೆಯಬಹುದಾದ ಮೂಳೆಯ ಪ್ರಮಾಣವೇ ಅತ್ಯಲ್ಪ. ಎರಡನೆಯ ಉತ್ತರ ಇನ್ನೊಬ್ಬರ ಮೂಳೆ. ಸ್ಕಾಟ್ಲೆಂಡಿನ ವಿಲಿಯಂ ಮ್ಯಾಕ್‌ಇವೆನ್ 1880ರ ಸುಮಾರಿನಲ್ಲಿ ಗ್ಲಾಸ್ಗೋ ನಗರದ ಬಾಲಕನೊಬ್ಬನ ತೋಳಿನ ಮೂಳೆಯನ್ನು ಬೇರೆ ಮಕ್ಕಳ ಕಾಲುಮೂಳೆಯ ತುಣುಕುಗಳಿಂದ ಕಟ್ಟಿ ನಿಲ್ಲಿಸಿದ ಕಾಲದಿಂದ ಈ ಮಾರ್ಗವು ಬೆಳೆದು, ಇಂದು ಮೃತರ ಮೂಳೆಯನ್ನು ಸಂಸ್ಕರಿಸಿ ಕಾಪಿಡುವ ಅಸ್ಥಿಭಂಡಾರಗಳ ರೂಪವನ್ನು ತಾಳಿದೆ. ಇಲ್ಲಿ ಸೋಂಕಿನ ಶಂಕೆಯುಂಟು. ಆ ಶಂಕೆಯನ್ನು ಕಳೆಯಲೆಂದು ಮಾಡುವ ಸಂಸ್ಕಾರ ಹೆಚ್ಚಿದಷ್ಟೂ ಮೂಳೆಯ ಜೀವಗುಣ ಕಡಮೆಯಾಗುತ್ತದೆ. ಮೂರನೆಯದು ಪ್ರಾಣಿಯ ಮೂಳೆ. ಹಾಲೆಂಡಿನ ಯೋಬ್ ಫಾನ್ ಮೇಕೆರೆನ್ 1668ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ರಷ್ಯದ ಯೋಧನೊಬ್ಬನ ತಲೆಬುರುಡೆಯ ರಂಧ್ರವನ್ನು ನಾಯಿಯ ಬುರುಡೆಯ ಚೂರಿನಿಂದ ಮುಚ್ಚಿದ ವೃತ್ತಾಂತವನ್ನು ಹೇಳಿದ್ದಾನೆ. ಆ ಪಾಪಕ್ಕಾಗಿ ಚರ್ಚು ಯೋಧನನ್ನು ಬಹಿಷ್ಕರಿಸಲು, ಅವನು ಆ ಚೂರನ್ನು ತೆಗೆದುಹಾಕಬೇಕೆಂದು ಮರಳಿ ಬಂದನಂತೆ, ಅಷ್ಟರಲ್ಲಿ ಅದು ಅವನ ಮೂಳೆಯೊಡನೆ ಬೆಸೆದುಹೋಗಿತ್ತಂತೆ.

ಇವಲ್ಲದೆ ನಿರ್ಜೀವ ಖನಿಜವನ್ನೇ ತುಂಬಿ ನೋಡಿದವರೂ ಇದ್ದರು. ಜರ್ಮನಿಯ ಡ್ರೇಸ್‌ಮನ್ 1892ರಲ್ಲಿ ಮೂಳೆಯ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದನು. ಅದು ನಿರಪಾಯಕರವಾಗಿತ್ತು, ಆದರೆ ಮೂಳೆ ಬೆಳೆಯುವುದಕ್ಕೆ ಮೊದಲೇ ಕೆಲವು ವಾರಗಳಲ್ಲಿ ಕರಗಿಹೋಗುತ್ತಿತ್ತು. ಈ ದೋಷವನ್ನು ನೆನಪಿನಲ್ಲಿಡತಕ್ಕದ್ದು. ಹವಳದ ಕಥೆಯೆಲ್ಲ ಕಡೆಗೆ ಇದನ್ನೇ ಸುತ್ತುತ್ತದೆ.

ಇಲ್ಲಿ ಹವಳವೆಂದರೆ ಅಕ್ಕಸಾಲಿಗರು ಉಂಗುರದಲ್ಲಿ ಕೂರಿಸುವ, ವೈದ್ಯರು ಪ್ರವಾಳಭಸ್ಮಕ್ಕೆ ಬಳಸುವ ಕೆಂಪು ಹವಳವಲ್ಲ. ಅದು ಬೇರೆ ಗಣಕ್ಕೆ ಸೇರಿದ್ದು; ಗಟ್ಟಿಯಾದ, ರಂಧ್ರಗಳಿಲ್ಲದ ಕಡ್ಡಿ. ಮೂಳೆಯ ಕೆಲಸಕ್ಕೆ ಬಂದುದು ಉಷ್ಣವಲಯದ ಕಡಲುಗಳಲ್ಲಿ ದಿಬ್ಬಗಳನ್ನು ಕಟ್ಟುವ ಶಿಲಾಹವಳ, ಅದರಲ್ಲಿಯೂ ಮುಖ್ಯವಾಗಿ ಪೊರೈಟಿಸ್, ಗೊನಿಯೊಪೊರ, ಅಕ್ರೊಪೊರ ಎಂಬ ಕುಲಗಳು. ಸಾಸುವೆಕಾಳಿಗಿಂತ ಬಹಳವೇನೂ ದೊಡ್ಡದಲ್ಲದ ಮೃದುಜೀವಿಗಳು ಕಡಲ ನೀರಿನಿಂದ ಸುಣ್ಣವನ್ನು ಹೀರಿ, ತಮ್ಮ ಅಡಿಯಲ್ಲಿ ಪದರಪದರವಾಗಿ ಸ್ರವಿಸಿ, ತಾವು ಅಳಿದರೂ ಅಳಿಯದ ಕಟ್ಟಡವನ್ನು ಬಿಟ್ಟುಹೋಗುತ್ತವೆ. ಈ ಕಟ್ಟಡದಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಪಾಲು ಅರಗೊನೈಟ್ ರೂಪದ ಕ್ಯಾಲ್ಸಿಯಂ ಕಾರ್ಬೊನೇಟು. ಉಳಿದುದು ಮೆಗ್ನೀಸಿಯಂ, ಸೋಡಿಯಂ, ಸ್ಟ್ರಾನ್ಶಿಯಂ, ಫ್ಲೂರಿನ್‌ಗಳ ಲೇಶ ಮತ್ತು ತುಸು ಸಾವಯವ ಪದಾರ್ಥ. ಮನುಷ್ಯನ ಮೂಳೆಯ ಖನಿಜವಾದರೋ ಕಾರ್ಬೊನೇಟ್ ಅಲ್ಲ, ಫಾಸ್ಫೇಟ್. ಹೈಡ್ರಾಕ್ಸಿಅಪಟೈಟ್ ಎಂದು ಅದರ ಹೆಸರು. ಹಾಗಾದರೆ ರಸಾಯನದಲ್ಲಿ ಹವಳವು ಮೂಳೆಗೆ ಸಮೀಪವೇನಲ್ಲ. ಸಾಮೀಪ್ಯವಿರುವುದು ಆಕೃತಿಯಲ್ಲಿ.

ಮೂಳೆಯ ತುದಿಯನ್ನು ಸೀಳಿ ನೋಡಿದರೆ ಒಳಗೆ ಕಾಣುವುದು ಘನವಾದ ರಾಶಿಯಲ್ಲ. ಒಂದಕ್ಕೊಂದು ತೆರೆದುಕೊಂಡ ಅಸಂಖ್ಯ ಕುಹರಗಳ ಜಾಲ. ಪೊರೈಟಿಸ್ ಹವಳದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಾಣುವುದು ಹೆಚ್ಚುಕಡಮೆ ಅದೇ. ಅದರ ಗಾತ್ರದ ಅರ್ಧದಷ್ಟು ಬರಿಯ ಅವಕಾಶ. ರಂಧ್ರಗಳ ಅಗಲ ಸುಮಾರು 200 ಮೈಕ್ರಾನ್, ಗೊನಿಯೊಪೊರದಲ್ಲಿ ಸುಮಾರು 500. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎಲ್ಲಕ್ಕಿಂತ ಮುಖ್ಯವಾಗಿ, ಈ ರಂಧ್ರಗಳಲ್ಲಿ ಕುರುಡು ಮೂಲೆಗಳು ಬಹಳ ಕಡಮೆ. ಒಂದರಿಂದ ಇನ್ನೊಂದಕ್ಕೆ ದಾರಿಯುಂಟು. 1970ರ ದಶಕದ ಆರಂಭದಲ್ಲಿ ಅಮೆರಿಕದ ಹಲ್ಬರ್ಟ್, ಕ್ಲಾವಿಟ್ಟರ್ ಮೊದಲಾದವರು ಸೆರಾಮಿಕ್ ತುಂಡುಗಳನ್ನು ಪ್ರಾಣಿಗಳ ಮೂಳೆಯಲ್ಲಿಟ್ಟು ಪರೀಕ್ಷಿಸಿ, ರಂಧ್ರದ ಬಾಯಿ ಕಡಮೆಯೆಂದರೆ 100 ಮೈಕ್ರಾನ್ ಇಲ್ಲದಿದ್ದರೆ ಹೊಸ ಮೂಳೆ ಒಳಹೊಗದು ಎಂದು ತೋರಿಸಿದ್ದರು. ರಕ್ತನಾಳವು ಹೊಗದ ಎಡೆಯಲ್ಲಿ ಮೂಳೆ ಹುಟ್ಟದು. ರಕ್ತನಾಳ ಹೊಗುವುದಕ್ಕೆ ಅಗಲವಾದ, ಎಲ್ಲಿಯೂ ಮುಚ್ಚಿಹೋಗದ ದಾರಿ ಬೇಕು. ಅಂಥ ದಾರಿಗಳನ್ನು ಅಂದಿನ ಕಾರ್ಖಾನೆಗಳು ಮಾಡಲರಿಯದೆ ತೊಳಲುತ್ತಿದ್ದಾಗ ಕಡಲಿನ ಜೀವಿಯು ಅವನ್ನು ಕೋಟ್ಯಂತರ ವರ್ಷಗಳಿಂದ ಕಟ್ಟುತ್ತಲೇ ಇತ್ತು.

ಇದನ್ನು ಮೊದಲು ಗಮನಿಸಿದವರು ವೈದ್ಯರಿಗಿಂತ ಹೆಚ್ಚಾಗಿ ಭೂವಿಜ್ಞಾನಿಗಳು, ಪದಾರ್ಥವಿಜ್ಞಾನಿಗಳು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯದ ಯೂಜೀನ್ ವೈಟ್, ಜಾನ್ ವೆಬರ್ ಇವರು ರಾಡ್ನಿ ವೈಟ್ ಎಂಬವರೊಡನೆ 1972ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು: ಕಡಲಜೀವಿಗಳ ಕಂಕಾಲವನ್ನು ಅಚ್ಚಾಗಿ ಬಳಸಿ ಅದೇ ರಂಧ್ರರಚನೆಯನ್ನು ಲೋಹದಲ್ಲಿಯೋ ಸೆರಾಮಿಕ್ಕಿನಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಎರಕ ಹೊಯ್ಯುವುದು. ಎರಡು ವರ್ಷಗಳ ತರುವಾಯ ಅದೇ ವಿಶ್ವವಿದ್ಯಾನಿಲಯದ ಡೆಲ್ಲಾ ರಾಯ್ ಮತ್ತು ಲಿನೆಹನ್ ಇನ್ನೂ ಸರಳವಾದ ದಾರಿಯನ್ನು ಕಂಡರು. ಹವಳದ ತುಂಡನ್ನು ಅಮೋನಿಯಂ ಫಾಸ್ಫೇಟಿನ ದ್ರಾವಣದಲ್ಲಿ ಮುಳುಗಿಸಿ, 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ತಾಪದಲ್ಲಿ, ಭಾರಿ ಒತ್ತಡದಲ್ಲಿ ಇಟ್ಟರೆ, ಕಾರ್ಬೊನೇಟು ಹೊರಟುಹೋಗಿ ಫಾಸ್ಫೇಟು ಅದರ ಸ್ಥಾನದಲ್ಲಿ ಬಂದು ಕೂರುತ್ತದೆ; ರಂಧ್ರಗಳ ಆಕಾರ ಮಾತ್ರ ಇದ್ದಂತೆಯೇ ಉಳಿಯುತ್ತದೆ. ಆಕೃತಿ ಹವಳದ್ದು, ಪದಾರ್ಥ ಮೂಳೆಯದು! ಡೆಲ್ಲಾ ರಾಯ್ ಅವರ ಮುಖ್ಯ ವ್ಯಾಸಂಗ ಸಿಮೆಂಟಿನದು. ಅವರ ಪತಿ, ಹೆಸರಾಂತ ಪದಾರ್ಥವಿಜ್ಞಾನಿ ರುಸ್ತುಂ ರಾಯ್, ನಮ್ಮ ರಾಂಚಿಯಲ್ಲಿ ಹುಟ್ಟಿದವರು. ಮನೆ ಕಟ್ಟುವ ಸುಣ್ಣಗಾರೆಯನ್ನು ಬಲ್ಲವರ ಕೈಯಿಂದ ಮೂಳೆ ಕಟ್ಟುವ ಸುಣ್ಣವೂ ಬಂದಿತೆಂಬುದು ಕಾಕತಾಳೀಯವಾಗಿ ನನಗೆ ತೋರುವುದಿಲ್ಲ. ಎರಡೂ ಕಡೆ ಕೇಳುವ ಪ್ರಶ್ನೆ ಒಂದೇ, ಕ್ಯಾಲ್ಸಿಯಮ್ಮಿನ ಹರಳು ಎಲ್ಲಿ, ಯಾವ ವೇಗದಲ್ಲಿ, ಯಾವುದರ ಮೇಲೆ ಬೆಳೆಯುತ್ತದೆ ಎಂಬುದು.

ಹೀಗೆ ಪರಿವರ್ತಿತವಾದ ಹವಳವನ್ನು ಕ್ಯಾಲಿಫೋರ್ನಿಯದ ಇಂಟರ್‌ಪೋರ್ ಎಂಬ ಸಂಸ್ಥೆಯು ಪ್ರೊ ಆಸ್ಟಿಯಾನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. 1992ರಲ್ಲಿ ಅಮೆರಿಕ ಸರಕಾರದ ಔಷಧಿ ನಿಯಂತ್ರಣ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಟ್ಲಾಂಟಿಕದ ಆಚೆ ದಡದಲ್ಲಿ ಫ್ರೆಂಚರು ಬೇರೆಯೇ ದಾರಿ ಹಿಡಿದರು. ಗಿಯ್ಮೆ, ಪಾಟಾ ಮೊದಲಾದ ಸಂಶೋಧಕರು, ಹವಳವನ್ನು ಮೂಳೆಯ ಖನಿಜವನ್ನಾಗಿ ಮಾಡುವ ಶ್ರಮವೇಕೆ, ಸ್ವಚ್ಛಗೊಳಿಸಿ ಕ್ರಿಮಿರಹಿತವನ್ನಾಗಿ ಮಾಡಿ ಇದ್ದಂತೆಯೇ ಇಟ್ಟರೆ ಆಗದೇ, ಎಂದು ಕೇಳಿದರು. ಬಯೊಕೋರಲ್ ಎಂಬ ಹೆಸರಿನಿಂದ ಅದು ಬಳಕೆಗೆ ಬಂದಿತು. 1988ರಲ್ಲಿ ಪ್ಯಾರಿಸಿನ ನರಶಸ್ತ್ರವೈದ್ಯ ರೂ ಮತ್ತು ಅವರ ಸಂಗಡಿಗರು ತಲೆಬುರುಡೆಯ ರಂಧ್ರಗಳನ್ನು ಸಹಜ ಹವಳದಿಂದ ಮುಚ್ಚಿದ ಅನುಭವವನ್ನು ಬರೆದರು.

ಈ ಎರಡು ದಾರಿಗಳ ನಡುವಣ ವ್ಯತ್ಯಾಸವು ಮೇಲುನೋಟಕ್ಕೆ ಕಾಣುವುದಕ್ಕಿಂತ ಆಳವಾದುದು. ಮೂಳೆಯೊಳಗೆ ಆಸ್ಟಿಯೋಕ್ಲಾಸ್ಟ್ ಎಂಬ ಕಣಗಳುಂಟು. ಹಳೆಯ ಮೂಳೆಯನ್ನು ಕರಗಿಸುವುದು ಅವುಗಳ ಕಾಯಕ, ಅವುಗಳ ಹಿಂದೆಯೇ ಹೊಸ ಮೂಳೆ ಕಟ್ಟುವ ಕಣಗಳು ಬರುತ್ತವೆ. ಈ ಭಕ್ಷಕಕಣಗಳು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲವನ್ನು ಸ್ರವಿಸುತ್ತವೆ. ಆಮ್ಲದೆದುರಿಗೆ ಹವಳದ ಸುಣ್ಣ ನಿಲ್ಲಲಾರದು. ಆ ಕಿಣ್ವವನ್ನು ತಡೆಯುವ ಔಷಧವನ್ನು ಪ್ರಾಣಿಗಳಿಗೆ ಕೊಟ್ಟಾಗ ಹವಳ ಕರಗುವುದು ಮಂದವಾದುದನ್ನು ಫ್ರೆಂಚ್ ಸಂಶೋಧಕರೇ ತೋರಿಸಿದರು. ಆದುದರಿಂದ ಸಹಜ ಹವಳ ಮಾಯವಾಗುತ್ತದೆ. ಅದು ಅದರ ಗುಣ, ಅದೇ ಅದರ ದೋಷ. ರಂಧ್ರ ಹೆಚ್ಚಿದ ಪೊರೈಟಿಸ್ ಬೇಗ ಕರಗುವುದು, ರಂಧ್ರ ಕಡಮೆಯಾದ ಅಕ್ರೊಪೊರ ತಡವಾಗಿ. ಇಟ್ಟ ತುಂಡು ದೊಡ್ಡದಾದಷ್ಟೂ ಸಮಯ ಹೆಚ್ಚು. ಯುವಕನಲ್ಲಿ ಒಂದು ವೇಗ, ವೃದ್ಧನಲ್ಲಿ ಇನ್ನೊಂದು. ಪರಿವರ್ತಿತ ಹವಳದ್ದು ತೀರ ವಿರುದ್ಧ ಸ್ವಭಾವ. ಹೈಡ್ರಾಕ್ಸಿಅಪಟೈಟು ದೇಹದ್ರವದಲ್ಲಿ ಕರಗುವುದು ಎಷ್ಟು ನಿಧಾನವೆಂದರೆ, ಹತ್ತು ವರ್ಷಗಳ ನಂತರವೂ ಎಕ್ಸ್-ರೇ ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಮೂಳೆ ಕೂಡಿದೆಯೋ ಇಲ್ಲವೋ ಎಂಬುದನ್ನು ವೈದ್ಯನು ನೋಡಬೇಕಾದ ಎಡೆಯನ್ನೇ ಅದು ಮರೆಮಾಡುತ್ತದೆ.

ಕಮಾನು ಕಟ್ಟುವಾಗ ನಿಲ್ಲಿಸುವ ಸಾರವೆಯನ್ನು ಗಾರೆ ಒಣಗುವ ಮೊದಲೇ ಕಿತ್ತರೆ ಕಮಾನು ಬೀಳುತ್ತದೆ, ಎಂದಿಗೂ ಕೀಳದಿದ್ದರೆ ಮನೆಯೊಳಗೆ ನಡೆದಾಡಲು ತೆರಪಿರುವುದಿಲ್ಲ; ಮೂಳೆಯ ಪೊಳ್ಳಿಗಿಡುವ ಪದಾರ್ಥದ ಪ್ರಶ್ನೆಯೂ ಬಹುಪಾಲು ಇದೇ. ಅದಕ್ಕೆಷ್ಟು ಬಲ, ಅದರ ರಸಾಯನವೇನು ಎಂದು ವಿಚಾರಿಸುವವರು ಬಹಳ ಮಂದಿ; ಅದು ಯಾವಾಗ ತೆರಳುತ್ತದೆ ಎಂದು ಕೇಳುವವರು ವಿರಳ. ನಾನು ಓದಿದಮಟ್ಟಿಗೆ, ಹವಳದ ಐವತ್ತು ವರ್ಷಗಳ ವೃತ್ತಾಂತದಲ್ಲಿ ಜಯಗಳೆಲ್ಲವೂ ಈ ಕಾಲಮಾನ ಹೊಂದಿದಲ್ಲಿ ಬಂದಿವೆ, ಸೋಲುಗಳಲ್ಲಿ ಹೆಚ್ಚಿನವು ಅದು ಹೊಂದದಲ್ಲಿ. ತಯಾರಕರೂ ಇದನ್ನು ಅರಿತರು. ಹವಳದ ಸುಣ್ಣವನ್ನು ಪೂರ್ತಿಯಾಗಿ ಮಾರ್ಪಡಿಸದೆ, ರಂಧ್ರಗಳ ಗೋಡೆಯ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಅಪಟೈಟಿನ ಲೇಪವನ್ನು ಮಾತ್ರ ಉಂಟುಮಾಡಿ, ಒಳಗೆ ಕಾರ್ಬೊನೇಟನ್ನು ಹಾಗೆಯೇ ಬಿಡುವ ಮಧ್ಯಮಮಾರ್ಗವೊಂದು ಮುಂದೆ ಬಂದಿತು: ಲೇಪವಿರುವ ತನಕ ನಿಧಾನ, ಲೇಪ ಹರಿದ ಮೇಲೆ ಶೀಘ್ರ.

ಇನ್ನು ಫಲಿತಾಂಶಗಳನ್ನು ನೋಡೋಣ. ಟೆಕ್ಸಾಸಿನ ಬುಕೋಲ್ಟ್ಸ್, ಕಾರ್ಲ್‌ಟನ್, ಹೋಮ್ಸ್ ಎಂಬವರು 1989ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಆಧಾರಸ್ತಂಭದಂತಿದೆ. ಮೊಣಕಾಲ ಕೆಳಗಣ ಮೂಳೆಯ ಮೇಲ್ತುದಿ ಕುಸಿದ 40 ಮಂದಿ ರೋಗಿಗಳಲ್ಲಿ ಕೆಲವರಿಗೆ ಅವರವರ ಸೊಂಟದ ಮೂಳೆಯನ್ನೂ ಉಳಿದವರಿಗೆ ಹವಳದ ಹೈಡ್ರಾಕ್ಸಿಅಪಟೈಟನ್ನೂ ಇಟ್ಟು ಹೋಲಿಸಿದಾಗ, ಮೊಣಕಾಲಿನ ಚಲನೆಯಲ್ಲಾಗಲಿ ಎಕ್ಸ್-ರೇ ಚಿತ್ರದಲ್ಲಾಗಲಿ ಗಣನೀಯವಾದ ಭೇದ ಕಾಣಲಿಲ್ಲ. ಅಲ್ಲಿ ಪೊಳ್ಳಿನ ಸುತ್ತಲೂ ಜೀವಂತ ಮೂಳೆಯ ಗೋಡೆಯಿತ್ತು, ರಕ್ತಸಂಚಾರ ಧಾರಾಳವಾಗಿತ್ತು, ದೇಹಭಾರವನ್ನು ಹೊರಲು ಲೋಹದ ತಗಡು-ತಿರುಪುಗಳಿದ್ದವು ಎಂಬುದನ್ನು ಮರೆಯತಕ್ಕದ್ದಲ್ಲ. ಇದಕ್ಕೆ ಎದುರಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ 2003ರಲ್ಲಿ ಬಂದ ವರದಿಯನ್ನಿಡಬೇಕು. ಕತ್ತಿನ ಕಶೇರುಗಳ ನಡುವೆ ಒಂದು ಗುಂಪಿನವರಿಗೆ ಸೊಂಟದ ಮೂಳೆಯನ್ನೂ ಇನ್ನೊಂದಕ್ಕೆ ಹವಳದ ಅಪಟೈಟನ್ನೂ ಇಟ್ಟು ನೋಡಲಾಗಿ, ಹವಳದ ತುಂಡುಗಳಲ್ಲಿ ನೂರಕ್ಕೆ 89 ಒಡೆದು ಚೂರಾಗಿದ್ದವು. ಸೊಂಟದ ಮೂಳೆಯಲ್ಲಿ ನೂರಕ್ಕೆ 11 ಮಾತ್ರ. ರೋಗಿಗಳ ನೋವಿನ ಉಪಶಮನದಲ್ಲಿ ಅಷ್ಟು ಅಂತರವಿಲ್ಲದಿದ್ದರೂ, ಭಾರ ಹೊರಬೇಕಾದ ಎಡೆಯಲ್ಲಿ ಹವಳ ನಿಲ್ಲದೆಂಬುದು ಸ್ಪಷ್ಟವಾಯಿತು. ಹವಳ ಒತ್ತಡವನ್ನು ತಕ್ಕಮಟ್ಟಿಗೆ ತಾಳುವುದು, ಬಾಗನ್ನೂ ತಿರುಚನ್ನೂ ತಾಳದು. ಮೂಳೆಗೆ ಆ ಬಾಗುವ ಗುಣವನ್ನು ಕೊಡುವುದು ಖನಿಜವಲ್ಲ, ಅದರೊಡನೆ ಹೆಣೆದುಕೊಂಡ ಕೊಲಾಜೆನ್ ನಾರು.

ಹವಳ ಅತ್ಯಂತ ನೆಮ್ಮದಿಯಾಗಿ ನೆಲೆಸಿದುದು ಪ್ರಾಯಶಃ ಕಣ್ಣಿನ ಗೂಡಿನಲ್ಲಿ. ಕಣ್ಣುಗುಡ್ಡೆಯನ್ನು ತೆಗೆಯಬೇಕಾಗಿ ಬಂದವರಿಗೆ ಗೂಡಿನಲ್ಲಿ ಹವಳದ ಅಪಟೈಟಿನ ಗೋಲವನ್ನಿಡುವ ಕ್ರಮವನ್ನು ಅಮೆರಿಕದ ನೇತ್ರವೈದ್ಯ ಆರ್ಥರ್ ಪೆರಿ 1980ರ ದಶಕದಲ್ಲಿ ಬಳಕೆಗೆ ತಂದರು. ರಂಧ್ರಗಳೊಳಗೆ ರಕ್ತನಾಳಗಳು ಹಬ್ಬಿ, ಕಣ್ಣಿನ ಸ್ನಾಯುಗಳು ಅದಕ್ಕಂಟಿ, ಕೃತಕ ನೇತ್ರವೂ ನೋಟದೊಡನೆ ತಿರುಗುವುದು ಸಾಧ್ಯವಾಯಿತು. ಅಲ್ಲಿ ಭಾರ ಹೊರುವ ಪ್ರಮೇಯವಿಲ್ಲ, ತೆರಳಬೇಕೆಂಬ ಅವಸರವೂ ಇಲ್ಲ.

ಹವಳದ ಚೌಕಟ್ಟು ಹೊಸ ಮೂಳೆಗೆ ದಾರಿ ಕೊಡುತ್ತದೆ, ಆದರೆ ಮೂಳೆಯನ್ನು ಹುಟ್ಟಿಸುವುದಿಲ್ಲ ಎಂಬುದು ಬಹುಕಾಲ ಎಲ್ಲರೂ ಒಪ್ಪಿದ ಮಾತಾಗಿತ್ತು. ಹುಟ್ಟಿಸುವ ಶಕ್ತಿ ಮೂಳೆಯೊಳಗಿನ ವಿಶೇಷ ಪ್ರೋಟೀನುಗಳದು ಎಂದು ಮಾರ್ಷಲ್ ಯೂರಿಸ್ಟ್ 1965ರಿಂದ ತೋರಿಸುತ್ತ ಬಂದಿದ್ದರು. ಆದರೆ ದಕ್ಷಿಣ ಆಫ್ರಿಕದ ಜೋಹಾನೆಸ್‌ಬರ್ಗಿನಲ್ಲಿ ಉಗೋ ರಿಪಾಮಾಂಟಿ ಎಂಬವರು ಬಬೂನ್ ಕೋತಿಗಳ ಸ್ನಾಯುವಿನೊಳಗೆ, ಮೂಳೆಯ ಸುಳಿವೇ ಇಲ್ಲದ ಎಡೆಯಲ್ಲಿ, ಪರಿವರ್ತಿತ ಹವಳವನ್ನು ಬರಿದಾಗಿಯೇ ಇಟ್ಟು ನೋಡಲು, ಕೆಲವು ತಿಂಗಳಲ್ಲಿ ಅದರ ರಂಧ್ರಗಳ ಗೋಡೆಯ ಮೇಲೆ ಮೂಳೆ ಹುಟ್ಟಿತ್ತು! 1991ರಲ್ಲಿ ಪ್ರಕಟವಾದ ಈ ಸಂಗತಿ ಅನೇಕರನ್ನು ತಬ್ಬಿಬ್ಬುಗೊಳಿಸಿತು. ರಂಧ್ರದ ಬಾಗಿದ ಮೈ ತಾನೇ ದೇಹದ ಪ್ರೋಟೀನುಗಳನ್ನು ಹಿಡಿದಿಟ್ಟು ಕಣಗಳಿಗೆ ಸಂಜ್ಞೆ ಕೊಡುತ್ತದೆಂಬುದು ರಿಪಾಮಾಂಟಿಯವರ ವಿವರಣೆ. ಎಲ್ಲ ಪ್ರಾಣಿಗಳಲ್ಲಿಯೂ ಹೀಗಾಗುವುದಿಲ್ಲವಾದ್ದರಿಂದ ಚಿಕಿತ್ಸೆಯಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೂ ಆಕೃತಿಗೆ ಇಷ್ಟು ಮಹಿಮೆಯುಂಟೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪ್ರಯೋಗವನ್ನು ನಾನರಿಯೆ.

ಬರಿಯ ಹವಳಕ್ಕೆ ಜೀವಕಣಗಳನ್ನು ಬೆರೆಸುವ ಯತ್ನವು ಅನಂತರದ್ದು. ಪ್ಯಾರಿಸಿನ ಪೆತೀತ್ ಮತ್ತು ಸಹೋದ್ಯೋಗಿಗಳು ಕುರಿಗಳ ಪಾದದ ಮೂಳೆಯಿಂದ 25 ಮಿಲಿಮೀಟರ್ ಉದ್ದದ ತುಂಡನ್ನು ತೆಗೆದು, ಆ ತೆರವಿನಲ್ಲಿ ಹವಳವನ್ನಿಟ್ಟರು. ಬರಿಯ ಹವಳವಿಟ್ಟ ಕುರಿಗಳಲ್ಲಿ ಅದು ಕರಗಿತು, ಮೂಳೆ ಕೂಡಲಿಲ್ಲ. ಮಜ್ಜೆಯಿಂದ ತೆಗೆದು ಬೆಳೆಸಿದ ಕಾಂಡಕೋಶಗಳನ್ನು ಬೆರೆಸಿದ ಹವಳವಿಟ್ಟ ಏಳು ಕುರಿಗಳಲ್ಲಿ ಮೂರಕ್ಕೆ ಮೂಳೆ ಪೂರ್ತಿಯಾಗಿ ಕೂಡಿತು. 2000ದಲ್ಲಿ ಪ್ರಕಟವಾದ ಈ ಫಲವನ್ನು ಪತ್ರಿಕೆಗಳು ಹಾಡಿ ಹೊಗಳಿದವು. ಏಳರಲ್ಲಿ ನಾಲ್ಕಕ್ಕೆ ಕೂಡಲಿಲ್ಲವೆಂಬುದೂ ಅದೇ ಲೇಖನದಲ್ಲಿತ್ತು. ಮರುವರ್ಷ ಅಮೆರಿಕದ ವಕಾಂಟಿ ಮತ್ತು ಸಂಗಡಿಗರು, ಯಂತ್ರಕ್ಕೆ ಸಿಕ್ಕಿ ಹೆಬ್ಬೆರಳಿನ ತುದಿಮೂಳೆಯನ್ನು ಕಳೆದುಕೊಂಡ ವ್ಯಕ್ತಿಯೊಬ್ಬನಿಗೆ, ಅವನ ಮೂಳೆಪೊರೆಯ ಕಣಗಳನ್ನು ಬಿತ್ತಿದ ಹವಳದ ತುಂಡಿನಿಂದ ಆ ಬೆರಳನ್ನು ಉಳಿಸಿಕೊಟ್ಟ ವರದಿ ಬಂದಿತು. ಬೆರಳು ಕೆಲಸ ಮಾಡುತ್ತಿತ್ತು. ಆದರೆ ಹತ್ತು ತಿಂಗಳ ಮೇಲೆ ಚೂರು ತೆಗೆದು ಪರೀಕ್ಷಿಸಿದಾಗ ಅದರಲ್ಲಿ ಹೊಸ ಮೂಳೆಯ ಪಾಲು ಅತ್ಯಲ್ಪವಾಗಿತ್ತು. ತೀರ ಈಚೆಗೆ ಹವಳದ ಅರಗೊನೈಟಿನಿಂದ ಮಾಡಿದ ಬಿರಡೆಯೊಂದನ್ನು ಮೊಣಕಾಲಿನ ಮೃದ್ವಸ್ಥಿ ಸವೆದ ಎಡೆಗೆ ಇಳಿಸುವ ಕ್ರಮವನ್ನು ಇಸ್ರೇಲಿನ ಸಂಸ್ಥೆಯೊಂದು ರೂಪಿಸಿದೆ. 251 ಮಂದಿ ರೋಗಿಗಳ ಪರೀಕ್ಷೆಯ ಆಧಾರದ ಮೇಲೆ 2022ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಸಹಜ ಹವಳದ ಕರಗುವ ಸ್ವಭಾವವೇ ಇಲ್ಲಿ ಬೇಕಾದ ಗುಣವಾಯಿತು.

ಇಷ್ಟನ್ನು ಓದಿದವರಿಗೆ, ಕಡಲನ್ನು ಬರಿದು ಮಾಡಿ ಮೂಳೆಯನ್ನು ಕಟ್ಟುವುದು ನ್ಯಾಯವೇ ಎಂಬ ಸಂದೇಹ ಬರುವುದು ಸಹಜ. ಚಿಕಿತ್ಸೆಗೆ ಬೇಕಾಗುವ ಹವಳದ ಮೊತ್ತ ತೀರ ಕಡಮೆ. ಒಬ್ಬ ರೋಗಿಗೆ ಒಂದು ಹಿಡಿ ಸಾಕು. ಹಿಂದೆ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣದ ಗೂಡುಗಳಿಗೂ ಕಾರ್ಖಾನೆಗಳಿಗೂ ಬಗೆದು ತೆಗೆದ ಹವಳದ ಮುಂದೆ ಅದು ಲೆಕ್ಕಕ್ಕಿಲ್ಲ. ಕಡಲಿನ ತಾಪವೇರಿ 1998ರಲ್ಲಿಯೂ 2010, 2016ರಲ್ಲಿಯೂ, ಮತ್ತೆ 2023ರಿಂದಲೂ ಭೂಮಂಡಲದುದ್ದಕ್ಕೂ ಬಿಳಿಚಿ ಹೋದ ಹವಳದ ಮುಂದಂತೂ ಏನೂ ಅಲ್ಲ. ಆದರೂ ಹೆಬ್ಬಂಡೆಯಂತೆ ಬೆಳೆಯುವ ಪೊರೈಟಿಸ್ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟೇ ಬೆಳೆಯುವುದರಿಂದ, ತೆಗೆದುದನ್ನು ಕಡಲು ತುಂಬಿಕೊಡಲು ಒಂದು ಮನುಷ್ಯಾಯುಷ್ಯವೇ ಬೇಕಾದೀತು. ಶಿಲಾಹವಳದ ವ್ಯಾಪಾರ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧಕ್ಕೆ ಒಳಪಟ್ಟಿದೆ. ನಮ್ಮ ದೇಶದಲ್ಲಿ 2001ರಿಂದ ದಿಬ್ಬ ಕಟ್ಟುವ ಹವಳಗಳೆಲ್ಲವೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿಯೇ, ಸೇರಿವೆ. ಲಕ್ಷದ್ವೀಪ, ಅಂಡಮಾನುಗಳಲ್ಲಾಗಲಿ ಮುರುಡೇಶ್ವರದಾಚೆಯ ನೇತ್ರಾಣಿಯ ಸುತ್ತಣ ನೀರಿನಲ್ಲಾಗಲಿ ಒಂದು ತುಂಡನ್ನು ಮುರಿದರೂ ಅಪರಾಧ. 1996ರಲ್ಲಿ ಮದರಾಸಿನ ವಿಜ್ಞಾನಿಗಳು ಭಾರತೀಯ ಹವಳದಿಂದ ಹೈಡ್ರಾಕ್ಸಿಅಪಟೈಟನ್ನು ತಯಾರಿಸಿ ತೋರಿಸಿದ್ದರಾದರೂ ಆ ದಾರಿ ಈಗ ನಮಗೆ ಮುಚ್ಚಿದೆ. ಮುಚ್ಚಿದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ಏಕೆಂದರೆ ಹವಳ ಕಲಿಸಬೇಕಾದುದನ್ನು ಬಹುಮಟ್ಟಿಗೆ ಕಲಿಸಿಯಾಗಿದೆ. ರಂಧ್ರ ಎಷ್ಟು ಅಗಲವಿರಬೇಕು, ಹೇಗೆ ಒಂದಕ್ಕೊಂದು ತೆರೆದಿರಬೇಕು, ಯಾವ ವೇಗದಲ್ಲಿ ಕರಗಬೇಕು ಎಂಬುದನ್ನು ಅದರಿಂದ ತಿಳಿದ ಮೇಲೆ, ಟ್ರೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿಯೂ ಜೀವಸ್ನೇಹಿ ಗಾಜಿನಲ್ಲಿಯೂ ಅಂಥ ರಚನೆಯನ್ನು ಅಚ್ಚುಯಂತ್ರದಿಂದಲೇ ಕಟ್ಟುವ ಕಾಲ ಬಂದಿದೆ. ಹವಳವೇ ಬೇಕೆನ್ನುವವರು ಅದನ್ನು ತೊಟ್ಟಿಗಳಲ್ಲಿ ಸಾಕಿ ಬೆಳೆಸುತ್ತಿದ್ದಾರೆ. ಕಡಲಿನ ಸುಣ್ಣವನ್ನೇ ಬಳಸಬೇಕೆಂದರೆ ನಮ್ಮ ಹತ್ತಿರ ಇನ್ನೊಂದು ಉಪಾಯವಿದೆ. ಆಯುರ್ವೇದವು ಸಮುದ್ರಫೇನವೆಂದು ಕರೆಯುವ, ಬೊಂಡಾಸಿನ ಬಳಗದ ಕಟಲ್‌ಫಿಶ್ಶಿನ ಬೆನ್ನೊಳಗಣ ಓಡು, ಹವಳದಂತೆಯೇ ಅರಗೊನೈಟಿನಿಂದಾದುದು, ಹವಳದಂತೆಯೇ ಸೂಕ್ಷ್ಮ ಕೋಣೆಗಳುಳ್ಳದ್ದು. ಡೆಲ್ಲಾ ರಾಯ್ ಅವರ ವಿಧಾನದಿಂದಲೇ ಅದನ್ನು ಅಪಟೈಟನ್ನಾಗಿ ಮಾಡಬಹುದೆಂದು ಪೋರ್ಚುಗಲ್ಲಿನವರು ಆಗಲೇ ತೋರಿಸಿದ್ದಾರೆ. ಮಲ್ಪೆ ಮಂಗಳೂರುಗಳ ಬಂದರುಗಳಲ್ಲಿ ಆ ಮೀನು ಇಳಿಯುತ್ತದೆ, ಮಾಂಸ ಪರದೇಶಕ್ಕೆ ಹೋಗುತ್ತದೆ. ಕರಾವಳಿಯ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ತರುಣ ಸಂಶೋಧಕರು ಉಳಿದ ಓಡಿನ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದು ಒಳಿತು.

ರೋಗಿಯಾಗಿ ಈ ಪ್ರಶ್ನೆಯನ್ನು ಎದುರಿಸುವ ಓದುಗರು ತಮ್ಮ ಪೊಳ್ಳು ಎಂಥದು, ಅದರ ಸುತ್ತ ಮೂಳೆಯ ಗೋಡೆಯಿದೆಯೇ, ಭಾರವನ್ನು ಹೊರುವುದು ಯಾವುದು ಎಂದು ವೈದ್ಯರನ್ನು ಕೇಳಿ ತಿಳಿಯಬೇಕು. ಗೋಡೆಯಿರುವ ಚಿಕ್ಕ ಪೊಳ್ಳಿಗೆ ಹವಳವೋ ಅದರ ಜಾತಿಯ ಕೃತಕ ಪದಾರ್ಥವೋ ಸಾಕಾಗುತ್ತದೆ, ಸೊಂಟದ ನೋವೂ ತಪ್ಪುತ್ತದೆ. ಮೂಳೆಯ ತುಂಡೇ ಕಳೆದುಹೋದ ದೊಡ್ಡ ತೆರವಿಗೆ ಮಾತ್ರ ಇಂದಿಗೂ ವೈದ್ಯರು ಮೊದಲು ಹೋಗುವುದು ರೋಗಿಯ ಮೂಳೆಗೇ.